ನದಿಯ ಅಲೆಗೂ ಒಂದು ಹಕ್ಕುಪತ್ರ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಗೋಲ್ಡನ್ ಅಂತ ಒಂದು ಪುಟ್ಟ ಊರಿದೆ. ಡೆನ್ವರ್‌ನಿಂದ ಪಶ್ಚಿಮಕ್ಕೆ, ಬೆಟ್ಟದ ಬುಡದಲ್ಲಿ. ಊರ ನಡುವೆ ಕ್ಲಿಯರ್ ಕ್ರೀಕ್ ಅನ್ನುವ ಹೊಳೆ ಹರಿಯುತ್ತದೆ. ಈ ಹೊಳೆಯಲ್ಲಿ 1000 ಕ್ಯೂಸೆಕ್‌ವರೆಗೂ ನೀರು ಹರಿಯಲಿ ಅಂತ ಊರಿನವರು ಕೋರ್ಟಿನಿಂದ ಹಕ್ಕು ಪಡೆದಿದ್ದಾರೆ. ಹೊಲಕ್ಕಲ್ಲ, ಕುಡಿಯುವುದಕ್ಕಲ್ಲ, ಕರೆಂಟಿಗೂ ಅಲ್ಲ. ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ಆಡುವವರಿಗೆ ಒಳ್ಳೆ ಅಲೆ ಸಿಗಲಿ ಅಂತ.

ಕ್ಯೂಸೆಕ್ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಆರ್‌ಎಸ್ ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ದಿನಾ ಪೇಪರಿನಲ್ಲಿ ನೋಡಿಕೊಂಡೇ ಬೆಳೆದವರು ನಾವು. ನಾನು ಮಂಡ್ಯ ಕಡೆಯವನು. ವಿ.ಸಿ. ನಾಲೆಯ ಕೊನೆ ಭಾಗದ ಊರು. ನಮ್ಮ ಕಡೆ ನೀರು ಗದ್ದೆಗೆ ಬರಬೇಕು, ಇಲ್ಲ ಕಟ್ಟೆಯಲ್ಲಿ ನಿಲ್ಲಬೇಕು. ಸುಮ್ನೆ ಹರಿದು ಹೋದರೆ ಪೋಲು. ಕಾವೇರಿ ಸಮುದ್ರ ಸೇರುವುದನ್ನೂ ನಷ್ಟದ ಲೆಕ್ಕದಲ್ಲೇ ಬರೆಯುತ್ತೇವೆ.

ಕೊಲೊರಾಡೊಗೆ ಬಂದು ನೆಲೆಸಿದ ಮೇಲೆ ಈ ಗೋಲ್ಡನ್ ಕೇಸಿನ ಹಿಂದೆ ಬಿದ್ದೆ. ಒಂದು ತೀರ್ಪು ಓದಿದರೆ ಅದು ಇನ್ನೊಂದು ಹಳೇ ತೀರ್ಪಿಗೆ ಕರೆದುಕೊಂಡು ಹೋಗುತ್ತದೆ. ಓದುತ್ತಾ ಹೋದಂತೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಯಿತು. ಹರಿಯುವುದೂ ನೀರಿನ ಒಂದು ಉಪಯೋಗವೇ ಅಂತ ಒಪ್ಪಿಕೊಳ್ಳುವುದಕ್ಕೆ ಈ ರಾಜ್ಯಕ್ಕೆ ಹತ್ತಿರ ಹತ್ತಿರ ನೂರು ವರ್ಷ ಬೇಕಾಯಿತು. ಒಪ್ಪಿದ ಮೇಲೂ ಅದನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದೆ. ಸಾಲಿನ ಕೊನೆಯವರ ಗತಿ ಏನು ಅಂತ ನಾಲೆ ಕೊನೆಯವರಿಗೆ ಚೆನ್ನಾಗಿ ಗೊತ್ತು.

ಇಲ್ಲಿನ ನೀರಿನ ಕಾನೂನಿನ ಬೇರು ಹಿಡಿಯಬೇಕಾದರೆ ಒಂದು ಜಗಳದ ಕಥೆ ಹೇಳಬೇಕು. ಕೊಲೊರಾಡೊ ರಾಜ್ಯವಾಗಿದ್ದು 1876ರಲ್ಲಿ. ಅದರ ಸಂವಿಧಾನದಲ್ಲೇ ಹರಿಯುವ ನೀರು ಸಾರ್ವಜನಿಕರ ಸ್ವತ್ತು, ಅದನ್ನು ಉಪಯೋಗಕ್ಕೆ ತಿರುಗಿಸಿಕೊಳ್ಳುವ ಹಕ್ಕನ್ನು ಯಾರಿಗೂ ನಿರಾಕರಿಸುವಂತಿಲ್ಲ ಅಂತ ಬರೆದಿದ್ದಾರೆ. ಮೂರು ವರ್ಷಕ್ಕೆ, 1879ರಲ್ಲಿ, ಬರ ಬಂತು. ಲೆಫ್ಟ್ ಹ್ಯಾಂಡ್ ಡಿಚ್ ಕಂಪನಿ ಅನ್ನುವ ರೈತರ ಕಾಲುವೆ ಕಂಪನಿ ಸೇಂಟ್ ವ್ರೇನ್ ಹೊಳೆಯ ನೀರನ್ನು ಪಕ್ಕದ ಕಣಿವೆಗೆ ತಿರುಗಿಸಿಕೊಂಡಿತ್ತು. ಸೇಂಟ್ ವ್ರೇನ್ ದಂಡೆಯ ರೈತರಿಗೆ ನೀರು ಸಾಲಲಿಲ್ಲ. ಹೊಳೆ ನಮ್ಮ ಮನೆ ಮುಂದೆ ಹರಿಯುತ್ತೆ, ನೀರು ಇನ್ಯಾರದೋ ಕಣಿವೆಗೆ ಹೋಗುವುದಾ ಅಂತ ಹೋಗಿ ಒಡ್ಡನ್ನೇ ಕಿತ್ತು ಹಾಕಿದರು. ಕೇಸು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1882ರಲ್ಲಿ ತೀರ್ಪು ಬಂತು. ದಂಡೆಯಲ್ಲಿ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಯಾರು ಮೊದಲು ನೀರು ತಿರುಗಿಸಿ ಬಳಸಿದರೋ ಅವರಿಗೆ ಮೊದಲ ಹಕ್ಕು.

ಅಂದಿನಿಂದ ಇವತ್ತಿನವರೆಗೂ ಅದೇ ನಿಯಮ. ನಮ್ಮ ನಾಲೆಯಲ್ಲಿ ಜಾಗಕ್ಕೆ ಬೆಲೆ, ಇಲ್ಲಿ ತಾರೀಕಿಗೆ ಬೆಲೆ. ರಾಜ್ಯದ ಅತಿ ಹಳೆಯ ಹಕ್ಕು ದಕ್ಷಿಣದ ಸ್ಯಾನ್ ಲೂಯಿಸ್ ಪೀಪಲ್ಸ್ ಡಿಚ್ ಅನ್ನುವ ಕಾಲುವೆಯದು. ಅದರ ತಾರೀಕು 1852. ರಾಜ್ಯ ಹುಟ್ಟುವುದಕ್ಕಿಂತಲೂ ಹಳೆಯದು. ಬರ ಬಂದರೆ ಇದ್ದಿದ್ದನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳೋಣ ಅನ್ನುವ ಮಾತೇ ಇಲ್ಲ. ಹಳಬರಿಗೆ ಪೂರ್ತಿ ಸಿಕ್ಕಿದ ಮೇಲೆ ಹೊಸಬರಿಗೆ ಉಳಿದಷ್ಟು. ಹಳೇ ಹಕ್ಕಿನವರು ನಮಗೆ ನೀರು ಸಾಲುತ್ತಿಲ್ಲ ಅಂತ ಕರೆ ಕೊಟ್ಟರೆ ವಾಟರ್ ಕಮಿಷನರ್ ಹೋಗಿ ಹೊಸಬರ ತೂಬು ಮುಚ್ಚಿಸುತ್ತಾರೆ. ಹೆಸರು ದೊಡ್ಡದಾದರೂ ಕೆಲಸ ನಮ್ಮ ನೀರಗಂಟಿಯದೇ. ರಾಜ್ಯವನ್ನು ಏಳು ಭಾಗ ಮಾಡಿ, ಪ್ರತಿಯೊಂದಕ್ಕೂ ನೀರಿಗಂತಲೇ ಒಂದು ಕೋರ್ಟು ಇಟ್ಟಿದ್ದಾರೆ.

ಈ ನಿಯಮ ಎಷ್ಟು ಬಿಗಿ ಅಂದರೆ, 2016ರವರೆಗೂ ಇಲ್ಲಿ ಹೆಚ್ಚಿನ ಮನೆಗಳವರು ಸೂರಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿಯುವುದಕ್ಕೂ ಕಾನೂನಿನ ಅಡ್ಡಿ ಇತ್ತು. ಆ ಮಳೆ ಹೊಳೆಗೆ ಸೇರಬೇಕಾದ ನೀರು, ಅದರ ಮೇಲೆ ಕೆಳಗಿನ ಯಾರದೋ ಹಳೇ ಹಕ್ಕು ಇದೆ ಅನ್ನುವ ವಾದ. ಈಗ ಎರಡು ಡ್ರಮ್ಮು, ಒಟ್ಟು 110 ಗ್ಯಾಲನ್‌ವರೆಗೆ ಇಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಮಾಡದಿದ್ದರೆ ನೀರಿನ ಬಿಲ್ಲಿನ ಜೊತೆ ದಂಡ ಬರುತ್ತದೆ ಅಂತ ಇಲ್ಲಿನ ಪಕ್ಕದ ಮನೆಯವರಿಗೆ ಹೇಳಿದರೆ ಅವರಿಗೆ ನಂಬಿಕೆಯೇ ಬರಲಿಲ್ಲ.

ಇಂಥ ಕಾನೂನಿನಲ್ಲಿ ಹಕ್ಕು ಬೇಕಾದರೆ ನೀರನ್ನು ಹೊಳೆಯಿಂದ ಹೊರಗೆ ತೆಗೆಯಬೇಕಿತ್ತು. ಹೊಳೆಯಲ್ಲೇ ಇರಲಿ, ಹರಿಯಲಿ ಅನ್ನುವವರಿಗೆ ಹಕ್ಕೇ ಇರಲಿಲ್ಲ. ಪರಿಣಾಮ ಏನಾಗುತ್ತೆ? ಬೇಸಿಗೆ ಕೊನೆಗೆ ಕೆಲವು ಹೊಳೆಗಳ ತಳ ಕಾಣಿಸುತ್ತದೆ. ಮೀನು ಸಾಯುತ್ತವೆ. ಕಾನೂನಿನ ಪ್ರಕಾರ ಅದರಲ್ಲಿ ಯಾರ ತಪ್ಪೂ ಇಲ್ಲ.

ಮೊದಲ ಬಾಗಿಲು ತೆರೆದಿದ್ದು 1973ರಲ್ಲಿ. ನಿಸರ್ಗವನ್ನು ತಕ್ಕಮಟ್ಟಿಗೆ ಕಾಪಾಡುವುದಕ್ಕೆ ಹೊಳೆಯೊಳಗಿನ ಹರಿವಿಗೂ ಹಕ್ಕು ಕೊಡಬಹುದು ಅಂತ ಶಾಸನ ಬಂತು. ಆದರೆ ಅದನ್ನು ಇಟ್ಟುಕೊಳ್ಳುವ ಅಧಿಕಾರ ಒಂದೇ ಸಂಸ್ಥೆಗೆ, ರಾಜ್ಯದ ವಾಟರ್ ಕನ್ಸರ್ವೇಷನ್ ಬೋರ್ಡಿಗೆ. ಮೀನಿಗೆ, ಹೊಳೆಗೆ ಇದರಿಂದ ಒಂದು ನೆಲೆ ಸಿಕ್ಕಿತು. ಆದರೆ ಮನುಷ್ಯರು ನೀರಿಗಿಳಿದು ಪಡುವ ಖುಷಿ ಇದರ ಲೆಕ್ಕಕ್ಕೆ ಬರಲಿಲ್ಲ.

ಎರಡನೇ ಬಾಗಿಲು ಫೋರ್ಟ್ ಕಾಲಿನ್ಸ್ ನಗರದ ಕೇಸು. ಪೂಡರ್ ನದಿಯೊಳಗೇ ಒಡ್ಡು ಕಟ್ಟಿ, ದೋಣಿ ಇಳಿಯುವ ಜಾರು, ಮೀನು ಹತ್ತುವ ಏಣಿ ಮಾಡಿ ನೀರನ್ನು ಹಿಡಿತಕ್ಕೆ ತಂದರೆ ಅದೂ ನೀರು ತಿರುಗಿಸಿದ ಹಾಗೆಯೇ ಅಂತ 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗೋಲ್ಡನ್ ಊರಿನವರು ಇದನ್ನು ಹಿಡಿದುಕೊಂಡರು. 1998ರಲ್ಲಿ ಕ್ಲಿಯರ್ ಕ್ರೀಕ್‌ನಲ್ಲಿ ದೊಡ್ಡ ಬಂಡೆಗಳನ್ನು ಜೋಡಿಸಿ ಅಲೆ ಏಳುವ ಹಾಗೆ ಮಾಡಿದರು. ಹಕ್ಕಿಗೆ ಅರ್ಜಿ ಹಾಕಿದರು. ರಾಜ್ಯವೇ ವಿರೋಧಿಸಿತು. ನೀರಿನ ಕೋರ್ಟು ಊರಿನ ಪರ ತೀರ್ಪು ಕೊಟ್ಟಿತು. 2003ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 3–3 ಆಗಿ ಒಡೆದರು. ಹಾಗಾದಾಗ ಕೆಳಗಿನ ಕೋರ್ಟಿನ ತೀರ್ಪೇ ನಿಲ್ಲುತ್ತದೆ. ಇಂಥದೇ ಹಕ್ಕು ಕೇಳಿದ್ದ ವೇಲ್, ಬ್ರೆಕೆನ್‌ರಿಜ್ ಊರುಗಳ ಹಕ್ಕೂ ಹೀಗೇ ಉಳಿದವು.

ಅಷ್ಟರಲ್ಲಿ ಶಾಸಕರಿಗೆ ಗಾಬರಿಯಾಗಿತ್ತು. 2001ರಲ್ಲಿ ಒಂದು ಶಾಸನ, 2006ರಲ್ಲಿ ಇನ್ನಷ್ಟು ಬಿಗಿ ಮಾಡಿ ಮತ್ತೊಂದು. ಆಟದ ನೀರಿನ ಹಕ್ಕನ್ನು ಊರು, ಕೌಂಟಿ, ನೀರಿನ ಜಿಲ್ಲೆಗಳಂಥ ಸ್ಥಳೀಯ ಸಂಸ್ಥೆಗಳು ಮಾತ್ರ ಕೇಳಬಹುದು. ನದಿಯಲ್ಲಿ ಕಟ್ಟಿದ ರಚನೆ ಇರಲೇಬೇಕು. ಸಾಮಾನ್ಯವಾಗಿ ಏಪ್ರಿಲ್ 1ರಿಂದ ಸೆಪ್ಟೆಂಬರ್ ಶುರುವಿನ ಲೇಬರ್ ಡೇವರೆಗೆ. ಸಮಾಧಾನಕರ ಆಟಕ್ಕೆ ಬೇಕಾದ ಕನಿಷ್ಠ ಹರಿವು ಮಾತ್ರ.

ವಿರೋಧಿಸಿದವರದೂ ಸುಳ್ಳು ಭಯ ಅಲ್ಲ. ನದಿಯ ಕೆಳಗೆ ಒಂದು ಊರು 1000 ಕ್ಯೂಸೆಕ್ ಹಿಡಿದುಕೊಂಡರೆ, ಮೇಲೆ ನಾಳೆ ಬೆಳೆಯುವ ಊರಿಗೆ ಕುಡಿಯುವ ನೀರು ತೆಗೆಯುವುದು ಕಷ್ಟವಾಗುತ್ತದೆ. ಇಲ್ಲಿ ಎಕ್ಸ್‌ಚೇಂಜ್ ಅಂತ ಒಂದು ಪದ್ಧತಿ ಇದೆ. ನಗರಗಳು ನದಿಯ ಮೇಲ್ಭಾಗದಲ್ಲಿ ಒಳ್ಳೆ ನೀರು ತೆಗೆದುಕೊಂಡು, ಕೆಳಗೆ ಅಷ್ಟೇ ನೀರನ್ನು ಬೇರೆ ಕಡೆಯಿಂದ ತುಂಬಿಕೊಡುತ್ತವೆ. ಕೆಳಗಿನ ರೈತನಿಗೆ ಲೆಕ್ಕ ಸರಿಹೋಗುತ್ತದೆ. ನಡುವಿನ ಹತ್ತಾರು ಮೈಲಿ ನದಿ ಮಾತ್ರ ಬಡವಾಗುತ್ತದೆ. ಆ ನಡುವಿನ ನದಿಯ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಈ ಹಕ್ಕುಪತ್ರದಿಂದ ಒಬ್ಬರು ಹುಟ್ಟಿಕೊಂಡರು. ನನಗೆ ಅದರ ದೊಡ್ಡ ಬೆಲೆ ಕಾಣುವುದು ಇಲ್ಲೇ.

ಯಾಕೆಂದರೆ ಗೋಲ್ಡನ್‌ನ ಹಕ್ಕಿನ ತಾರೀಕು ಹೊಸದು. ಅದಕ್ಕಿಂತ ಮುಂಚಿನ ಹಕ್ಕುಗಳೆಲ್ಲ, 1860ರ ದಶಕದ ಕಾಲುವೆಗಳಿಂದ ಹಿಡಿದು, ಅದರ ಮುಂದೆ ನಿಂತಿವೆ. ಒಣಗಿದ ಜುಲೈನಲ್ಲಿ ಈ ಪತ್ರ ಹಿಡಿದು ಹಳಬರಿಂದ ಒಂದು ಹನಿ ಕೇಳುವಂತಿಲ್ಲ. ಅದು ಮಾಡುವುದು ಒಂದೇ ಕೆಲಸ. ಇವತ್ತು ಇರುವ ಹರಿವನ್ನು ನಾಳೆ ಬರುವವರು ಕಿತ್ತುಕೊಳ್ಳದ ಹಾಗೆ ತಡೆಯುವುದು. ಆಟದವರಿಗೆ ಬೇಸಿಗೆಯ ಕೊನೆಯಲ್ಲಿ ನೀರು ಕಾಣುತ್ತದೆ ಅಂದರೆ ಎಷ್ಟೋ ಸಲ ಅದು ಕೆಳಗಿನ ಹಳೇ ಕಾಲುವೆಗಳು ಕರೆ ಕೊಟ್ಟು ಎಳೆಸಿಕೊಳ್ಳುತ್ತಿರುವ ನೀರು. ರೈತನ ಹೊಲಕ್ಕೆ ಹೋಗುವ ದಾರಿಯಲ್ಲಿ ಅದು ಅಲೆಯಾಗುತ್ತದೆ. ರೈತ ಮತ್ತು ಕಯಾಕಿನವನು ಎದುರಾಳಿಗಳು ಅನ್ನುವವರು ಇದನ್ನು ಗಮನಿಸಬೇಕು.

ಇನ್ನು ನಿಜವಾದ ಮಾತಿಗೆ ಬರೋಣ. ಈ ಎಲ್ಲ ಹಕ್ಕುಗಳ ಹಿಂದೆ ಇರುವುದು ಹಿಮ. ಕೊಲೊರಾಡೊದ ನದಿಗಳಲ್ಲಿ ಹರಿಯುವ ನೀರಿನ ಬಹುಪಾಲು ಚಳಿಗಾಲದ ಹಿಮ ಕರಗಿ ಬಂದಿದ್ದು. ನಮಗೆ ಮುಂಗಾರು ಹೇಗೋ ಹಾಗೆ, ಆದರೆ ಇಲ್ಲಿ ಅದು ಮೊದಲು ಬೆಟ್ಟದ ಮೇಲೆ ಗಟ್ಟಿಯಾಗಿ ಕೂತು, ಏಪ್ರಿಲ್ ಹೊತ್ತಿಗೆ ತುಂಬಿ, ಆಮೇಲೆ ಇಳಿಯುತ್ತದೆ. ಹೊಳೆ ಉಕ್ಕುವುದು ಮೇ ಕೊನೆ, ಜೂನ್‌ನಲ್ಲಿ. ಆ ದಿನಗಳಲ್ಲಿ ಕ್ಲಿಯರ್ ಕ್ರೀಕ್ ದಂಡೆಯಲ್ಲಿ ನಿಂತರೆ ದಿನದ ಏರಿಳಿತವೂ ಗೊತ್ತಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ ನೀರು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆ ರಾತ್ರಿ ಮುಳುಗಿರುತ್ತದೆ.

ಒಂದು ಮಾರ್ಚ್‌ನಲ್ಲಿ ಹಿಮ ಅಳೆಯುವವರ ಜೊತೆ ಬೆಟ್ಟಕ್ಕೆ ಹೋಗುವ ಅವಕಾಶ ಸಿಕ್ಕಿತ್ತು. ಅವರ ಹತ್ತಿರ ಅಲ್ಯೂಮಿನಿಯಂ ಕೊಳವೆ ಇರುತ್ತದೆ. ತುಂಡು ತುಂಡಾಗಿ ತಿರುಪಿ ಉದ್ದ ಮಾಡಿಕೊಳ್ಳಬಹುದು. ಹೊರಗೆ ಇಂಚಿನ ಗುರುತು, ತುದಿಯಲ್ಲಿ ಗರಗಸದಂಥ ಹಲ್ಲು. ಅದನ್ನು ಹಿಮದೊಳಗೆ ನೇರವಾಗಿ ಇಳಿಸಿ, ನೆಲ ಮುಟ್ಟುವವರೆಗೂ ಒತ್ತುತ್ತಾರೆ. ಮೇಲೆತ್ತಿದಾಗ ತುದಿಯಲ್ಲಿ ಸ್ವಲ್ಪ ಮಣ್ಣು, ಹುಲ್ಲು ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಕೊಳವೆ ಪೂರ್ತಿ ಇಳಿದಿಲ್ಲ ಅಂತ ಅರ್ಥ. ಆ ಮಣ್ಣನ್ನು ಚಾಕುವಿನಿಂದ ಕೆರೆದು ತೆಗೆದು, ಹಿಮ ತುಂಬಿದ ಕೊಳವೆಯನ್ನು ಹಾಗೇ ಸ್ಪ್ರಿಂಗ್ ತಕ್ಕಡಿಗೆ ತೂಗು ಹಾಕುತ್ತಾರೆ. ಖಾಲಿ ಕೊಳವೆಯ ತೂಕ ಕಳೆದರೆ ಸಿಗುವ ಅಂಕಿಯೇ ನೀರಿನ ಇಂಚು. ಅಂದು ಒಂದು ಕಡೆ 60 ಇಂಚು ಹಿಮ ಇತ್ತು, ಅದರಲ್ಲಿದ್ದ ನೀರು 18 ಇಂಚು. ಹೊಸದಾಗಿ ಬಿದ್ದ ಹಿಮದಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲೇ ನೀರು. ವಸಂತದ ಹೊತ್ತಿಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಹಿಮ ಎಷ್ಟು ಎತ್ತರ ಬಿತ್ತು ಅಂತ ಟಿವಿಯವರು ಹೇಳುವುದು ಸ್ಕೀಯಿಂಗ್ ಹೋಗುವವರಿಗೆ. ನದಿಗೆ ಬೇಕಾದ ಅಂಕಿ ಈ ತೂಕದ ಅಂಕಿ.

ಈಗ ಇದನ್ನು ಹೆಚ್ಚಾಗಿ ಯಂತ್ರಗಳೇ ಮಾಡುತ್ತವೆ. ಸ್ನೋಟೆಲ್ ಅನ್ನುವ ಜಾಲ. ಕೇಂದ್ರ ಸರ್ಕಾರದ ಕೃಷಿ ಇಲಾಖೆಯದು. ನೆಲದ ಮೇಲೆ ದೊಡ್ಡ ಚೀಲ ಹಾಸಿ ಒಳಗೆ ಹೆಪ್ಪುಗಟ್ಟದ ದ್ರವ ತುಂಬಿರುತ್ತಾರೆ. ಮೇಲೆ ಹಿಮ ಬಿದ್ದ ಹಾಗೆ ಒತ್ತಡ ಏರುತ್ತದೆ, ಅದೇ ತೂಕ. ಶುರುವಿನಲ್ಲಿ ಈ ಅಂಕಿಗಳನ್ನು ಕಳಿಸುತ್ತಿದ್ದ ರೀತಿ ಕೇಳಿದರೆ ಈಗಲೂ ಮೈ ಜುಂ ಅನ್ನುತ್ತದೆ. ಆಕಾಶದ ಮೇಲ್ಪದರದಲ್ಲಿ ಉಲ್ಕೆಗಳು ಉರಿದು ಬಿಟ್ಟುಹೋಗುವ ಜಾಡಿಗೆ ರೇಡಿಯೊ ಅಲೆಗಳನ್ನು ಬಡಿಸಿ, ಅಲ್ಲಿಂದ ಪುಟಿದು ಕೆಳಗೆ ಬರುವ ಹಾಗೆ ಮಾಡುತ್ತಿದ್ದರು. ಬೆಟ್ಟದ ಆಚೆ, ಫೋನ್ ಇಲ್ಲದ ಕಾಡಿನಿಂದ, ಯಾವುದೋ ಉಲ್ಕೆಯ ಸಹಾಯದಿಂದ ಹಿಮದ ಸುದ್ದಿ ಬರುತ್ತಿತ್ತು!

ಚಳಿಗಾಲ ಪೂರ್ತಿ ಇಲ್ಲಿ ಜನ ನದಿ ಕಣಿವೆಗಳ ಬಣ್ಣದ ನಕ್ಷೆ ನೋಡುತ್ತಿರುತ್ತಾರೆ. ಯಾವ ಕಣಿವೆಯಲ್ಲಿ ಹಿಮ ಶೇಕಡಾ ಎಷ್ಟು ಅಂತ. ಈ ಶೇಕಡಾ ಲೆಕ್ಕವನ್ನು ಸ್ವಲ್ಪ ಹುಷಾರಾಗಿ ಓದಬೇಕು. ಅದನ್ನು ಹೋಲಿಸುವುದು 1991ರಿಂದ 2020ರವರೆಗಿನ ವರ್ಷಗಳ ಜೊತೆ. ಆ ಮೂವತ್ತು ವರ್ಷಗಳಲ್ಲಿ 2000ದಿಂದ ಈಚಿನ ಒಣ ವರ್ಷಗಳೇ ಜಾಸ್ತಿ. ಹಾಗಾಗಿ ಇವತ್ತಿನ ನೂರು, ನಮ್ಮ ಪಕ್ಕದ ಮನೆಯ ಅಜ್ಜ ಚಿಕ್ಕವರಿದ್ದಾಗಿನ ನೂರು ಅಲ್ಲ.

ನೂರರ ಹತ್ತಿರ ಹಿಮ ಬಿದ್ದರೂ ಅಷ್ಟು ನೀರು ಬರುತ್ತದೆ ಅನ್ನುವ ಖಾತ್ರಿ ಇಲ್ಲ. 2021ರಲ್ಲಿ ಕೊಲೊರಾಡೊ ನದಿಯ ಮೇಲ್ಕಣಿವೆಯಲ್ಲಿ ಹಿಮ ಸಾಮಾನ್ಯಕ್ಕಿಂತ ಸ್ವಲ್ಪ ಕಡಿಮೆ ಇತ್ತು, ಅಷ್ಟೇ. ಆದರೆ ಕರಗುವ ಕಾಲದಲ್ಲಿ ಲೇಕ್ ಪೊವೆಲ್ ಜಲಾಶಯಕ್ಕೆ ಬಂದ ನೀರು ಸರಾಸರಿಯ ಮೂರನೇ ಒಂದು ಭಾಗವೂ ಆಗಲಿಲ್ಲ. ಹಿಂದಿನ ಬೇಸಿಗೆ, ಶರತ್ಕಾಲ ಒಣಗಿದ್ದರಿಂದ ಬಾಯಾರಿದ ಮಣ್ಣು ಮೊದಲು ಕುಡಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ಕೊಲೊರಾಡೊ ನದಿಗೆ ಇತಿಹಾಸದಲ್ಲೇ ಮೊದಲ ಸಲ ಕೇಂದ್ರ ಸರ್ಕಾರ ಅಧಿಕೃತವಾಗಿ ನೀರಿನ ಕೊರತೆ ಘೋಷಿಸಿತು. ಇದರ ಜೊತೆಗೆ ಧೂಳು. ಪಶ್ಚಿಮದ ಮರುಭೂಮಿಯಿಂದ ವಸಂತದ ಗಾಳಿಗೆ ಕೆಂಪು ಧೂಳು ಹಾರಿ ಬಂದು ಹಿಮದ ಮೇಲೆ ಕೂರುತ್ತದೆ. ಬಿಳಿ ಹಿಮ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಕೊಳೆ ಹಿಮ ಹೀರಿಕೊಳ್ಳುತ್ತದೆ. ವಾರಗಟ್ಟಲೆ ಬೇಗ ಕರಗಿ ಹೋಗುತ್ತದೆ. ಜೂನ್‌ನಲ್ಲಿ ಬರಬೇಕಾದ ನೀರು ಮೇನಲ್ಲೇ ಹೋದರೆ ಜುಲೈನ ಅಲೆಗೆ ಏನು ಉಳಿಯುತ್ತದೆ? ಹಕ್ಕುಪತ್ರದಲ್ಲಿ ತಿಂಗಳಿಗೆ ಇಂತಿಷ್ಟು ಕ್ಯೂಸೆಕ್ ಅಂತ ಬರೆದ ಕಾಲಕ್ಕೂ ಈಗಿನ ಬೆಟ್ಟಕ್ಕೂ ತಾಳೆ ತಪ್ಪುತ್ತಿದೆ.

ಹಾಗಾಗಿಯೇ ನನಗೆ ಕೋರ್ಟಿನ ಹಕ್ಕಿಗಿಂತ ಅರ್ಕಾನ್ಸಾ ನದಿಯ ಒಪ್ಪಂದದ ಮೇಲೆ ನಂಬಿಕೆ ಜಾಸ್ತಿ. ಬ್ಯೂನಾ ವಿಸ್ಟಾ, ಸಲೈಡಾ ಊರುಗಳ ನಡುವೆ ಅದು ಬ್ರೌನ್ಸ್ ಕ್ಯಾನ್ಯನ್ ಅನ್ನುವ ಕಮರಿಯಲ್ಲಿ ಹರಿಯುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಜನ ರಾಫ್ಟಿಂಗ್ ಮಾಡುವ ನದಿಗಳಲ್ಲಿ ಇದೊಂದು. ಸಲೈಡಾದಲ್ಲಿ ಫೈಬಾರ್ಕ್ ಅನ್ನುವ ದೋಣಿ ಹಬ್ಬ 1949ರಿಂದ ನಡೆಯುತ್ತಿದೆ. ರಾಫ್ಟ್ ನಡೆಸುವ ಹುಡುಗರಿಂದ ಹಿಡಿದು ಬ್ರೆಡ್ಡು ಮಾರುವ ಅಂಗಡಿಯವರೆಗೂ ಊರಿನ ಬದುಕು ಈ ನೀರಿನ ಮೇಲೆ ನಿಂತಿದೆ. 2002ರ ಬರದಲ್ಲಿ ಇವರೆಲ್ಲ ಒದ್ದಾಡಿದ್ದರು.

ಇಲ್ಲಿ 1990ರ ದಶಕದ ಶುರುವಿನಿಂದ ಒಂದು ಸ್ವಇಚ್ಛೆಯ ಏರ್ಪಾಡು ಇದೆ. ಬೆಟ್ಟದ ಆ ಬದಿಯಿಂದ ಸುರಂಗದಲ್ಲಿ ತಂದ ನೀರನ್ನು ಮೇಲೆ ಟರ್ಕ್ವಾಯ್ಸ್, ಟ್ವಿನ್ ಲೇಕ್ಸ್ ಜಲಾಶಯಗಳಲ್ಲಿ ನಿಲ್ಲಿಸಿರುತ್ತಾರೆ. ಅದು ಹೇಗೂ ನದಿಯಲ್ಲೇ ಇಳಿದು ಕೆಳಗಿನ ಪ್ಯುಯೆಬ್ಲೊ ಜಲಾಶಯಕ್ಕೆ ಹೋಗಬೇಕು. ಯಾವಾಗ ಬಿಡಬೇಕು ಅನ್ನುವುದಷ್ಟೇ ಪ್ರಶ್ನೆ. ಜುಲೈ 1ರಿಂದ ಆಗಸ್ಟ್ 15ರವರೆಗೆ ಸಲೈಡಾದ ಕೆಳಗಿನ ವೆಲ್ಸ್‌ವಿಲ್ ಮಾಪಕದಲ್ಲಿ 700 ಕ್ಯೂಸೆಕ್ ಇರುವ ಹಾಗೆ ನೋಡಿಕೊಳ್ಳೋಣ ಅಂತ ಗುರಿ ಇಟ್ಟುಕೊಂಡಿದ್ದಾರೆ. ಅದಕ್ಕೆ 10,000 ಎಕರೆ-ಅಡಿವರೆಗೆ ನೀರು. ನಮ್ಮ ಲೆಕ್ಕದಲ್ಲಿ ಅರ್ಧ ಟಿಎಂಸಿಗೂ ಕಡಿಮೆ. ಚಳಿಗಾಲದಲ್ಲಿ ಬ್ರೌನ್ ಟ್ರೌಟ್ ಮೀನಿನ ಮೊಟ್ಟೆ ಒಣಗದ ಹಾಗೆ ಹರಿವು ಕಾಯುವುದೂ ಇದರಲ್ಲೇ ಸೇರಿದೆ. ಅಣೆಕಟ್ಟು ನಡೆಸುವ ಕೇಂದ್ರದ ಇಲಾಖೆ, ರಾಜ್ಯದ ವನ್ಯಜೀವಿ ಇಲಾಖೆ, ನೀರಿನ ಜಿಲ್ಲೆ, ಮೀನು ಹಿಡಿಯುವವರ ಸಂಘ, ರಾಫ್ಟಿಂಗ್‌ನವರು ಎಲ್ಲ ಸೇರಿ ಕೂತು ಮಾತಾಡುತ್ತಾರೆ. ದಾರಿಯಲ್ಲಿ ಸ್ವಲ್ಪ ಆವಿಯಾಗುವುದು ಬಿಟ್ಟರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಹಿಮ ಕಮ್ಮಿಯಾದ ವರ್ಷ ಗುರಿಯನ್ನೂ ಇಳಿಸಿಕೊಳ್ಳುತ್ತಾರೆ. ಕೋರ್ಟಿನ ತೀರ್ಪು ಹಾಗೆ ಬಗ್ಗುವುದಿಲ್ಲ.

ಆದರೂ ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಅದು ಬದಲಾಗಬೇಕು. ಬಂಡೆ ತಂದು ಜೋಡಿಸಿ ಕಟ್ಟಿದ ಅಲೆಗೆ ಹಕ್ಕು ಸಿಗುತ್ತದೆ, ಬ್ರೌನ್ಸ್ ಕ್ಯಾನ್ಯನ್‌ನಂಥ ಕಡೆ ನದಿ ತಾನೇ ಮಾಡಿಕೊಂಡ ಅಲೆಗೆ ಸಿಗುವುದಿಲ್ಲ. ಇದು ನ್ಯಾಯವಾ? ದೋಣಿಯವರಿಗೆ ಇನ್ನೊಂದು ತೊಡಕೂ ಇದೆ. ನೀರು ಸಾರ್ವಜನಿಕರದು, ಆದರೆ ಎಷ್ಟೋ ಕಡೆ ನದಿಯ ತಳ ದಂಡೆಯ ಜಮೀನಿನವರದು. ಖಾಸಗಿ ಜಮೀನಿನ ನಡುವೆ ಅನುಮತಿ ಇಲ್ಲದೆ ತೇಲಿ ಹೋಗುವ ಹಕ್ಕು ಸಾರ್ವಜನಿಕರಿಗೆ ಇಲ್ಲ ಅಂತ 1979ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಳ ಮುಟ್ಟದೆ ತೇಲಿದರೆ ಅಪರಾಧ ಅಲ್ಲ ಅಂತ 1983ರಲ್ಲಿ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು. ಅಂದಿನಿಂದ ಜನ ಈ ಎರಡರ ನಡುವೆ ತೇಲುತ್ತಿದ್ದಾರೆ.

ನಮ್ಮ ಕಾವೇರಿ ತೀರ್ಪಿನಲ್ಲೂ ಇಂಥ ಒಂದು ಸಾಲಿದೆ ಅಂತ ತುಂಬಾ ಜನ ಗಮನಿಸಿರುವುದಿಲ್ಲ. 2007ರಲ್ಲಿ ನ್ಯಾಯಮಂಡಳಿ 740 ಟಿಎಂಸಿ ಹಂಚುವಾಗ 10 ಟಿಎಂಸಿಯನ್ನು ಪರಿಸರಕ್ಕೆ ಅಂತ ತೆಗೆದಿಟ್ಟಿತು. ನಾಲ್ಕು ಟಿಎಂಸಿ ಅನಿವಾರ್ಯವಾಗಿ ಸಮುದ್ರ ಸೇರುವ ಲೆಕ್ಕಕ್ಕೆ. ನಮ್ಮ ಪಾಲು, ಅವರ ಪಾಲು ಅಂತ ಬೀದಿಗೆ ಇಳಿಯುತ್ತೇವೆ, ಇಳಿಯಲೂ ಬೇಕು. ಆದರೆ ಆ 10 ಟಿಎಂಸಿ ಹರಿಯುತ್ತಿದೆಯಾ ಅಂತ ನಾವು ಯಾರಾದರೂ ಕೇಳಿದ್ದೇವಾ?

ಕೊಲೊರಾಡೊದಲ್ಲಿ ಈಗ ಎಲ್ಲರ ಕಣ್ಣು ಶೊಶೋನಿ ವಿದ್ಯುತ್ ಘಟಕದ ಮೇಲಿದೆ. ಗ್ಲೆನ್‌ವುಡ್ ಕ್ಯಾನ್ಯನ್‌ನಲ್ಲಿ, ಕೊಲೊರಾಡೊ ನದಿಯ ದಂಡೆಯಲ್ಲಿ. ಅದರ ಮುಖ್ಯ ಹಕ್ಕು 1250 ಕ್ಯೂಸೆಕ್, ತಾರೀಕು 1902. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ವರ್ಷವೇ. ಟರ್ಬೈನ್ ತಿರುಗಿಸಿದ ನೀರು ಪೂರ್ತಿ ನದಿಗೇ ವಾಪಸ್ಸು. ಡೆನ್ವರ್ ಬೆಟ್ಟದ ಆಚೆಯಿಂದ ಸುರಂಗದಲ್ಲಿ ನೀರು ತರುವ ಹಕ್ಕುಗಳು ಇದಕ್ಕಿಂತ ಹೊಸವು. ಆದ್ದರಿಂದ ಹಿಮ ಕಮ್ಮಿಯಾದ ವರ್ಷ ಈ ಹಳೇ ಘಟಕ ಕರೆ ಕೊಟ್ಟರೆ ನದಿಯಲ್ಲಿ ನೀರು ಉಳಿಯುತ್ತದೆ. ಮೀನು, ರಾಫ್ಟಿಂಗ್, ಕೆಳಗಿನ ಗ್ರ್ಯಾಂಡ್ ವ್ಯಾಲಿಯ ರೈತರು ಎಲ್ಲರಿಗೂ ಅದೇ ಆಸರೆ. ಘಟಕ ಹಳೆಯದಾಯಿತು. ಅದು ನಿಂತರೆ ಹಕ್ಕೂ ಕೈಬಿಟ್ಟು ಹೋಗಬಹುದು. ಅದಕ್ಕೇ 2023ರ ಡಿಸೆಂಬರ್‌ನಲ್ಲಿ ಪಶ್ಚಿಮ ಭಾಗದ ಕೊಲೊರಾಡೊ ರಿವರ್ ಡಿಸ್ಟ್ರಿಕ್ಟ್ ಅನ್ನುವ ನೀರಿನ ಸಂಸ್ಥೆ ಆ ಹಕ್ಕನ್ನು ಸುಮಾರು 9.9 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕರೆಂಟು ಮಾಡಲಿ ಬಿಡಲಿ, ನೀರು ನದಿಯಲ್ಲೇ ಇರಬೇಕು ಅನ್ನುವುದು ಉದ್ದೇಶ. ರಾಜ್ಯ 2 ಕೋಟಿ ಡಾಲರ್ ಕೊಟ್ಟಿದೆ. ಕಣಿವೆಯ ಊರುಗಳು, ಕೌಂಟಿಗಳು, ರೈತರ ನೀರಿನ ಸಂಸ್ಥೆಗಳು ತಮ್ಮ ಕೈಲಾದಷ್ಟು ಸೇರಿಸುತ್ತಿವೆ. ಆಟದ ನೀರಿಗೆ ಹಕ್ಕು ಕೊಡುವ 2001ರ ಶಾಸನವನ್ನೇ ನಂಬಿ ಕೂತಿದ್ದರೆ ಈ ಊರುಗಳಿಗೆ ಸಾಲಿನ ಕೊನೆಯ ಜಾಗವೇ ಗತಿಯಾಗುತ್ತಿತ್ತು. ಸಾಲಿನ ಮುಂದಿರುವ ಒಂದು ಹಳೇ ತಾರೀಕನ್ನೇ ಅವರು ಹರಿಯುವ ನೀರಿಗಾಗಿ ದುಡ್ಡು ಕೊಟ್ಟು ಕೊಳ್ಳಲು ಹೊರಟಿದ್ದಾರೆ.